ಮಗ್ಗಿಗೆ ಸಮಾನಾರ್ಥಕ ಹುಡುಕಿ ಕೆಟ್ಟೆ

ಕಾಸರಗೋಡಿನಲ್ಲಿ ಕೂತು ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಹೆಚ್ಚಿನ ದಿನ ಜಾಗದ ಆಧಾರಪತ್ರ, ಪಂಚಾಯತಿನ ನೋಟೀಸು, ಬ್ಯಾಂಕಿನ ಜಪ್ತಿ ಪತ್ರ. ಕಥೆ ಸಿಗುವುದು ವರ್ಷಕ್ಕೆ ಒಂದೆರಡು ಸಲ. ಸಿಕ್ಕಾಗ ಕೈ ಸ್ವಲ್ಪ ಜಾಸ್ತಿಯೇ ಓಡುತ್ತದೆ. ಕಳೆದ ಮಳೆಗಾಲದಲ್ಲಿ ಹಾಗೆ ಓಡಿ ಎಡವಿದೆ.

ಸಿಕ್ಕಿದ್ದು ಒಂದು ಪಟ್ಟಾಳಕಥೆ, ಅಂದರೆ ಸೈನಿಕರ ಬದುಕಿನ ಕಥೆ. ಪುಸ್ತಕ ಇನ್ನೂ ಬಂದಿಲ್ಲ, ಹೆಸರು ಹೇಳುವಂತಿಲ್ಲ. ಮಲಯಾಳದಲ್ಲಿ ಇಂಥ ಕಥೆಗಳದ್ದೇ ಒಂದು ಪರಂಪರೆ ಇದೆ. ಕೋವಿಲನ್, ಪಾರಪ್ಪುರತ್ತ್, ನಂದನಾರ್ ಮೂವರೂ ಸೇನೆಯಲ್ಲಿದ್ದು ಬರೆದವರು. ಬಟಾಲಿಯನ್ ಎಂಬ ಮಾತು ಅವರಲ್ಲಿ ‘ಪಟ್ಟಾಳಂ’ ಆಗಿ ಸೈನ್ಯದ ಅರ್ಥವನ್ನೇ ಉಳಿಸಿಕೊಂಡಿತು, ನಮ್ಮಲ್ಲಿ ‘ಪಟಾಲಂ’ ಆಗಿ ಪುಂಡರ ಗುಂಪಿಗೆ ಹೆಸರಾಯಿತು. ಅದೊಂದು ತಮಾಷೆ.

ಈ ಕಥೆಯಲ್ಲಿ ಗುಂಡಿನ ಸದ್ದು ಕಡಿಮೆ. ಗಡಿಯ ಠಾಣೆ, ಹಿಮ, ಒಂದು ಎನಾಮಲ್ ಮಗ್ಗು. ಅದರಲ್ಲೇ ಚಹಾ, ಅದರಲ್ಲೇ ಗಡ್ಡ ಬೋಳಿಸುವ ನೀರು, ಅದರಲ್ಲೇ ಹಿಮ ಕರಗಿಸುವುದು. ಒಬ್ಬ ಸತ್ತರೆ ಅವನ ಮಗ್ಗು ಇನ್ನೊಬ್ಬನ ಕೈಗೆ. ಹತ್ತು ಪುಟದಲ್ಲಿ ಆ ಪದ ಹನ್ನೊಂದು ಸಲ ಬರುತ್ತದೆ. ಒಂದೇ ಪದ ಎರಡನೇ ಸಲ ಬಂದರೆ ಕೆಂಪು ಶಾಯಿ ಬೀಳುತ್ತಿದ್ದ ಶಾಲೆಯಲ್ಲಿ ಓದಿದವನು ನಾನು. ಒಂದು ಕಡೆ ಲೋಟ ಮಾಡಿದೆ, ಒಂದು ಕಡೆ ಬಟ್ಟಲು, ಮತ್ತೊಂದು ಕಡೆ ಪಾತ್ರೆ. ಸಾಲದ್ದಕ್ಕೆ ‘ಅವನು ಸತ್ತ’ ಎಂಬಲ್ಲಿ ‘ರಣಾಂಗಣದಲ್ಲಿ ವೀರಮರಣವನ್ನಪ್ಪಿದ’ ಎಂದು ಬರೆದು ಖುಷಿಪಟ್ಟೆ.

ಸೇನೆಯ ಪದಗಳ ಸಂಶಯಕ್ಕೆಂದು ಬದಿಯಡ್ಕದ ಕಡೆಯ ನಿವೃತ್ತ ಹವಾಲ್ದಾರರೊಬ್ಬರಿಗೆ ಕರಡು ಕೊಟ್ಟೆ. ಲಂಗರ್ (ಅಡುಗೆಮನೆ), ಪಿಟ್ಠೂ (ಬೆನ್ನಚೀಲ), ಬಡಾಖಾನಾ (ಸೇನೆಯ ಸಾಮೂಹಿಕ ಊಟ) ಎಲ್ಲ ಹಾಗೇ ಇರಲಿ ಅಂದರು. ಆಮೇಲೆ ಕನ್ನಡಕ ತೆಗೆದು, “ಇದು ನಾವು ಮಾತಾಡುದಲ್ಲ ಮಾರಾಯ್ರೆ, ತಾಳಮದ್ದಳೆಯ ಅರ್ಥಧಾರಿ ಮಾತಾಡುದು. ಮತ್ತೆ ಆ ಮಗ್ಗ್ ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ಲೋಟ, ಬಟ್ಟಲು ಬೇರೆಬೇರೆ ಸಾಮಾನು ಎಂದೇ ಅವರು ಓದಿಕೊಂಡಿದ್ದರು. ಓದುಗ ಇನ್ನು ಹೇಗೆ ಓದಿಯಾನು?

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. 1929ರಲ್ಲಿ ಪುಸ್ತಕವಾಗಿ ಬಂದ ರೆಮಾರ್ಕನ ಜರ್ಮನ್ ಕಾದಂಬರಿಯಲ್ಲಿ ಹೀಗೇ ಒಂದು ಜೊತೆ ಬೂಟು ಇದೆ. ಸಾಯುತ್ತಿರುವ ಕೆಮ್ಮೆರಿಶ್‌ನಿಂದ ಮ್ಯೂಲರನಿಗೆ, ಅವನಿಂದ ಕಥೆ ಹೇಳುವ ಪೌಲ್‌ಗೆ. ಒಳ್ಳೆಯ ಚರ್ಮದ ಬೂಟು ಅಷ್ಟೆ, ಆದರೆ ಅದು ಕೈ ಬದಲಿಸಿದಾಗಲೆಲ್ಲ ಓದುಗನ ಎದೆ ಧಸಕ್ಕೆನ್ನುತ್ತದೆ. ಅದನ್ನೇ ಒಮ್ಮೆ ಪಾದರಕ್ಷೆ, ಒಮ್ಮೆ ಎಕ್ಕಡ ಅಂದರೆ ಎದೆಗೆ ಗುರುತು ಸಿಗಬೇಕಲ್ಲ! ಕೊನೆಗೆ ಪೌಲ್ ಸತ್ತ ದಿನ ಸೇನೆಯ ವರದಿ ಪಶ್ಚಿಮದಲ್ಲಿ ಹೊಸದೇನಿಲ್ಲ ಎನ್ನುತ್ತದೆ. ಆ ಕಚೇರಿ ಭಾಷೆಯೇ ಕಾದಂಬರಿಯ ಹೆಸರು. ದಿನವಿಡೀ ನೋಟೀಸು ಅನುವಾದಿಸುವ ನನಗೆ ಅದರ ತಣ್ಣಗಿನ ಕ್ರೌರ್ಯ ತಕ್ಷಣ ಅರ್ಥವಾಗಬೇಕಿತ್ತು.

ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಟಿಮ್ ಓಬ್ರಿಯನ್ 1990ರ ಪುಸ್ತಕದಲ್ಲಿ ಸೈನಿಕರು ಹೊತ್ತದ್ದನ್ನೆಲ್ಲ ತೂಗಿಬಿಡುತ್ತಾನೆ: ಉಕ್ಕಿನ ಟೋಪಿ 5 ಪೌಂಡ್, ಹುಡುಗಿ ಬರೆದ ಕಾಗದಗಳು 10 ಔನ್ಸ್. ಭಯ ಎಂಬುದೂ ಅದೇ ಪಟ್ಟಿಗೆ ಸೇರಿ ಭಾರವಾಗುತ್ತದೆ. ಇಟಲಿಯ ರಂಗದಲ್ಲಿ ಆಂಬುಲೆನ್ಸ್ ಓಡಿಸಿದ್ದ ಹೆಮಿಂಗ್ವೆಯ ಸೈನಿಕನಿಗಂತೂ ಕೀರ್ತಿ, ಗೌರವ ಎಂಬ ಮಾತುಗಳೇ ಅಶ್ಲೀಲ. ಊರಿನ ಹೆಸರು, ರಸ್ತೆಯ ನಂಬರು, ತಾರೀಕು, ಇಷ್ಟಕ್ಕೇ ಅವನ ಮಟ್ಟಿಗೆ ಮರ್ಯಾದೆ ಉಳಿದಿದೆ.

ತಪ್ಪೆಲ್ಲ ಶಾಲೆಯದ್ದಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವನಿಗೆ ಯುದ್ಧ ಎಂದರೆ ಮೊದಲು ಕೇಳಿಸುವುದು ಚೆಂಡೆ. ನಮ್ಮ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ನನ್ನ ಕನ್ನಡವೂ ಹೆಣ ಕಂಡ ಕೂಡಲೇ ನಡುವಿನ ಪಟ್ಟಿಕೆಗೆ ಹಾರುತ್ತಿತ್ತು. ಆ ಕಲ್ಲಿಗೆ ಅದು ಚಂದ, ರಂಗಸ್ಥಳಕ್ಕೂ ಚಂದ. ಮಲಯಾಳದ ಈ ಲೇಖಕ ಮಾತ್ರ ಕೆಳಗಿನ ಪಟ್ಟಿಕೆಯಲ್ಲೇ, ಹಿಮದಲ್ಲಿ ಕೂತಿದ್ದಾನೆ. ಅವನನ್ನು ಎತ್ತಲು ನನಗೆ ಯಾರೂ ಹೇಳಿರಲಿಲ್ಲ.

ಎರಡನೇ ಕರಡಿಗೆ ಮೂರು ವಾರ ಹಿಡಿಯಿತು. ಅದಕ್ಕೆ ದುಡ್ಡಿಲ್ಲ, ಪುಟಕ್ಕೆ ಇಷ್ಟು ಎಂಬ ಲೆಕ್ಕ ಮೊದಲ ಕರಡಿಗೇ ಮುಗಿದಿತ್ತು. ಹನ್ನೊಂದು ಕಡೆಯೂ ಮಗ್ಗು ಎಂದೇ ಬರೆದೆ. ‘ಸತ್ತ’ ಎನ್ನುವುದನ್ನು ‘ಸತ್ತ’ ಎಂದೇ ಬಿಟ್ಟೆ. ಕಥೆಯ ಕೊನೆಯ ಸಾಲಿನಲ್ಲಿ ಮಗ್ಗು ಇಲ್ಲ, ಬಂಕರಿನ ಗೋಡೆಯ ಮೊಳೆ ಮಾತ್ರ ಇದೆ. ಮೊದಲ ಸಲ ಅಲ್ಲಿ ‘ಬರಿದಾಗಿ ನಿಟ್ಟುಸಿರಿಡುತ್ತಿದ್ದ ಮೊಳೆ’ ಎಂದು ಬರೆದಿದ್ದೆ. ಈಗ ‘ಗೋಡೆಯಲ್ಲಿ ಮೊಳೆ ಇತ್ತು.’

ಕರಡು ತಿದ್ದುವವರು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದರು: ‘ಇಲ್ಲಿ ಏನೋ ಬಿಟ್ಟುಹೋಗಿದೆಯೇ?’

ಹೌದು, ಹಾಗೇ ಇರಲಿ ಎಂದು ಬರೆದು ವಾಪಸು ಕಳಿಸಿದೆ.