ಮೊದಲು ಹೊಗೆ, ಆಮೇಲೆ ಚಂಡೆ

ಭಾನುವಾರ ರಾತ್ರಿ ಹತ್ತೂವರೆಗೆ ನನ್ನ ಹಳೇ ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದ, ಅಂದರೆ ಸದ್ದು ಹೊರಡಿಸುವ ಬೋರ್ಡಿನಿಂದ, ಹೊಗೆ ಬಂತು. ಅದರ ಬೆನ್ನಿಗೇ ಸ್ಪೀಕರಿನಲ್ಲಿ ಚಂಡೆ ಕೇಳಿಸಿತು. ಮೂರು ವಾರದಿಂದ ಬಾಯಿ ಬಿಡದ ಕಾರ್ಡ್ ಅದು. ಪವರ್ ಆಫ್ ಮಾಡಬೇಕೋ, ಕುಣಿಯಬೇಕೋ ತಿಳಿಯಲಿಲ್ಲ. ಆಫ್ ಮಾಡಿದೆ. ಅಡುಗೆಮನೆಯಿಂದ ಅಮ್ಮ, "ಒಲೆ ಮೇಲೆ ಏನೂ ಇಟ್ಟಿಲ್ಲ, ಮತ್ತೆ ಸುಟ್ಟ ವಾಸನೆ ಎಲ್ಲಿಂದ್ಲೋ?" ಅಂತ ಕೂಗಿದಳು.

ಯಂತ್ರ ಯಾವುದು ಅಂದರೆ, ಕುಂದಾಪುರದ ಮಾವನ ಮನೆ ಅಟ್ಟದಿಂದ ಇಳಿಸಿಕೊಂಡು ಬಂದ ಪೆಂಟಿಯಮ್ ಎಂಎಂಎಕ್ಸ್ 166. ಬ್ಯಾಟರಿ ಬದಲಿಸಿದ್ದು, ಹಾರ್ಡ್ ಡಿಸ್ಕ್ ತೆಗೆದು ಸಿಎಫ್ ಮೆಮೊರಿ ಕಾರ್ಡ್ ಹಾಕಿದ್ದು, ವಿಂಡೋಸ್ 98 ಏರಿಸಿದ್ದು ಎಲ್ಲ ನಿಮಗೂ ಗೊತ್ತಿರುವ ಕೆಲಸವೇ, ಬಿಡಿ. ಸೌಂಡ್ ಕಾರ್ಡ್ ಮಾತ್ರ ಹೆಸರಿಲ್ಲದ್ದು, ಐಎಸ್ಎ ಅನ್ನುವ ಹಳೇ ಥರದ ಸ್ಲಾಟಿನಲ್ಲಿ ಕೂರುವಂಥದ್ದು. ಅದರ ಮೇಲೆ ಇಎಸ್ಎಸ್ 1868 ಚಿಪ್ ಇದೆ. ಒಂದು ತಿಂಗಳು ಚೆನ್ನಾಗಿ ಹಾಡಿತು. ಒಂದು ದಿನ ಬೆಳಿಗ್ಗೆ ಮೌನ.

ಮೊದಲ ಎರಡು ರಾತ್ರಿ ಎಲ್ಲರಂತೆ ನಾನೂ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗಂಟೆಯ ನಂಬರ್) ಹಿಂದೆ ಬಿದ್ದೆ. 5ರಿಂದ 7ಕ್ಕೆ ಹಾಕಿದೆ. 7ರಲ್ಲಿ ಪ್ರಿಂಟರ್ ಪೋರ್ಟ್ ಕೂತಿರುತ್ತದೆ ಅಂತ ಬಯಾಸ್‌ನಲ್ಲಿ ಅದನ್ನೂ ಮುಚ್ಚಿದೆ. ಡಾಸ್‌ಗೆ ಹೋಗಿ, ಕಾರ್ಡನ್ನು ಹೊಂದಿಸುವ ಯುನಿಸೌಂಡ್ ಅನ್ನುವ ಪ್ರೋಗ್ರಾಮ್ ಓಡಿಸಿದೆ. ಸೆಟ್ಟಿಂಗ್ ಎಲ್ಲ ಸರಿಯಾಗಿಯೇ ತೋರಿಸಿತು. ಸಂಪರ್ಕದ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿದ್ದು ಹೇಳಲೇಬೇಕಾಗಿಲ್ಲ. ಅದು ನಮ್ಮಲ್ಲಿ ಗಣಪತಿ ಪೂಜೆ ಇದ್ದ ಹಾಗೆ, ಕೆಲಸ ಯಾವುದೇ ಇರಲಿ ಮೊದಲು ಅದು ಆಗಬೇಕು.

ಈಗ ಯೋಚಿಸಿದರೆ ನಗು ಬರುತ್ತದೆ. ಆಟ ಹ್ಯಾಂಗ್ ಆಗುತ್ತಿರಲಿಲ್ಲ. ಐಆರ್‌ಕ್ಯೂ ತಪ್ಪಿದ್ದರೆ ಆಟ ಅಲ್ಲೇ ಸಿಕ್ಕಿಕೊಳ್ಳಬೇಕಿತ್ತು, ಇಲ್ಲವೇ ಒಂದೇ ಚೂರು ಸದ್ದು ತೊದಲುತ್ತಾ ಇರಬೇಕಿತ್ತು. ವಿಂಡೋಸ್‌ನಲ್ಲಿ ಸದ್ದಿನ ವೇವ್ ಫೈಲ್ ಹಾಕಿದರೆ ಪರದೆಯ ಮೇಲಿನ ಪಟ್ಟಿ ಸರಾಗವಾಗಿ ಓಡುತ್ತದೆ, ಫೈಲ್ ಮುಗಿಯುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಕಛೇರಿ ಚೆನ್ನಾಗಿ ನಡೆದಿದೆ. ಕೇಳುವವರ ಕಿವಿಗೆ ಮಾತ್ರ ಏನೂ ಬಿದ್ದಿಲ್ಲ.

ದಾರಿ ತೋರಿಸಿದ್ದು ಸಿಡಿ ಡ್ರೈವ್. ಡ್ರೈವಿನಿಂದ ಕಾರ್ಡಿಗೆ ಬರುವ ಆ ನಾಲ್ಕು ಪಿನ್ನಿನ ತೆಳು ವೈರ್ ನೆನಪಿದೆಯಲ್ಲ? ಯಕ್ಷಗಾನದ ಆಡಿಯೋ ಸಿಡಿ ಹಾಕಿದೆ. ಡ್ರೈವಿನ ಮುಂದಿನ ಹೆಡ್‌ಫೋನ್ ತೂತಿನಲ್ಲಿ ಭಾಗವತರು ಹಾಡುತ್ತಿದ್ದಾರೆ. ಕಾರ್ಡಿನಲ್ಲಿ ಇಲ್ಲ. ಈ ದಾರಿಯಲ್ಲಿ ಐಆರ್‌ಕ್ಯೂ ಇಲ್ಲ, ಡಿಎಂಎ (ಮೆಮೊರಿಯಿಂದ ಕಾರ್ಡಿಗೆ ನೇರ ಸಾಗಣೆ) ಇಲ್ಲ. ಸಿಡಿ ಸದ್ದು ಅನಲಾಗ್ ಆಗಿಯೇ, ಅಂದರೆ ಅಂಕಿಗಳಾಗಿ ಅಲ್ಲ, ವಿದ್ಯುತ್ ಅಲೆಯಾಗಿಯೇ ಬಂದು, ಸದ್ದುಗಳನ್ನು ಬೆರೆಸುವ ಮಿಕ್ಸರ್ ದಾಟಿ, ಹೊರಗೆ ಹೋಗುತ್ತದೆ ಅಷ್ಟೇ. ಮಿಕ್ಸರಿನಲ್ಲಿ ಸಿಡಿ ಮ್ಯೂಟ್ ಆಗಿಲ್ಲ. ಅಂದರೆ ಡ್ರೈವರ್ ಮೇಲೆ ಹೊರಿಸಿದ ಆರೋಪವೆಲ್ಲ ಸುಳ್ಳು. ಕಾರ್ಡಿನ ಅನಲಾಗ್ ಭಾಗವೇ ಮಲಗಿದೆ.

ಈ ಥರದ ಕಾರ್ಡುಗಳಲ್ಲಿ ಅನಲಾಗ್ ಭಾಗಕ್ಕೆ ಬೇರೆಯದೇ 5 ವೋಲ್ಟ್. ಕಂಪ್ಯೂಟರಿನ 5 ವೋಲ್ಟ್ ಗಲೀಜು, ಅದನ್ನೇ ಕೊಟ್ಟರೆ ಸ್ಪೀಕರಿನಲ್ಲಿ ಇಲಿ ಕೊರೆದಂತೆ ಸದ್ದು ಬರುತ್ತದೆ. ಹಾಗಾಗಿ ಸ್ಲಾಟಿನ 12 ವೋಲ್ಟ್ ತೆಗೆದುಕೊಂಡು, 78ಎಲ್05 ಅನ್ನುವ ಪುಟ್ಟ ರೆಗ್ಯುಲೇಟರಿನಿಂದ ಶುದ್ಧ 5 ವೋಲ್ಟ್ ಮಾಡಿಕೊಳ್ಳುತ್ತಾರೆ. ಡಿಜಿಟಲ್ ಭಾಗ ಎಚ್ಚರ, ಅನಲಾಗ್ ಭಾಗ ನಿದ್ದೆ ಅಂದರೆ ಮೊದಲು ನೋಡಬೇಕಾದ್ದು ಅಲ್ಲಿ.

ಕಾರ್ಡ್ ಸ್ಲಾಟಿನಲ್ಲಿದ್ದಾಗ ಮಲ್ಟಿಮೀಟರ್ ಮುಳ್ಳು ಒಳಗೆ ಹೋಗುವುದಿಲ್ಲ. ಮೂರು ಕಾಲಿಗೂ ವೈರ್ ಬೆಸುಗೆ ಹಾಕಿ ಹೊರಗೆ ಎಳೆದೆ. ಒಳಬರುವುದು 11.8 ವೋಲ್ಟ್. ಹೊರಹೋಗುವುದು 2.1. ನೋಡುನೋಡುತ್ತಾ ಇನ್ನೂ ಇಳಿಯುತ್ತಿದೆ. ಮುಟ್ಟಿದರೆ ಬೆರಳು ಚುರ್ ಅಂದಿತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ರೆಗ್ಯುಲೇಟರ್ ಸತ್ತಿದೆ, ಬದಲಿಸಿದರಾಯಿತು.

ನಾನು ಜಾರಿದ್ದು ಇಲ್ಲೇ. ಅದನ್ನು ಕಿತ್ತ ಕೂಡಲೇ ಮೀಟರನ್ನು ಓಮ್‌ಗೆ (ವಿದ್ಯುತ್ತಿಗೆ ಇರುವ ತಡೆಯ ಅಳತೆಗೆ) ತಿರುಗಿಸಿ ಆ 5 ವೋಲ್ಟ್ ದಾರಿಯನ್ನು ಒಮ್ಮೆ ಅಳೆದಿದ್ದರೆ ಅರ್ಧ ನಿಮಿಷದಲ್ಲಿ ಕಥೆ ಮುಗಿಯುತ್ತಿತ್ತು. ಅಳೆಯಲಿಲ್ಲ. ಯಾಕೆ ಅಂತ ಕೇಳಬೇಡಿ.

ಆನ್‌ಲೈನ್‌ನಲ್ಲಿ ಒಂದು ಅಂಗಡಿಗೆ ಹತ್ತು 78ಎಲ್05 ಹೇಳಿದೆ. ಒಂಬತ್ತು ದಿನ ಆದಮೇಲೆ ಪೊಟ್ಟಣ ಬಂತು. ಪೊಟ್ಟಣದ ಚೀಟಿಯಲ್ಲಿ 78ಎಲ್05. ಪುಣ್ಯಕ್ಕೆ ಬೆಸುಗೆಗೆ ಮುಂಚೆ ಭೂತಗನ್ನಡಿ ಹಿಡಿದೆ. ಮೈಮೇಲೆ 79ಎಲ್05! ಅದು ಮೈನಸ್ 5 ವೋಲ್ಟಿನದು. ನೋಡಲು ಅವಳಿ ಮಕ್ಕಳು, ಒಳಗೆ ಎಲ್ಲ ಉಲ್ಟಾ, ಕಾಲುಗಳ ಲೆಕ್ಕವೂ ಬೇರೆ. ದೂರು ಕೊಟ್ಟರೆ "ಪೊಟ್ಟಣ ಬಿಚ್ಚುವಾಗಿನ ವಿಡಿಯೋ ಕಳಿಸಿ" ಅಂದರು. ಹತ್ತು ಪುಡಿ ಬಿಡಿಭಾಗಕ್ಕೆ ಮದುವೆ ಮನೆಯ ಹಾಗೆ ವಿಡಿಯೋ ಯಾರು ತೆಗೆಯುತ್ತಾರೆ ಸ್ವಾಮಿ?

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೇ ಹೋದೆ. ನಾಲ್ಕನೇ ಅಂಗಡಿಯವರು ಒಂದು ದಪ್ಪ 7805 ತೆಗೆದು ಮುಂದಿಟ್ಟರು. "ಇದಲ್ಲ ಸಾರ್, ಚಿಕ್ಕದು ಬೇಕು" ಅಂದೆ. "ಇದೂ ಐದು ವೋಲ್ಟೇ ಅಲ್ವಾ ಸಾರ್, ಚಿಕ್ಕದಕ್ಕಿಂತ ದೊಡ್ಡದು ಒಳ್ಳೇದು" ಅಂದರು. ವಾದಿಸುವ ಶಕ್ತಿ ಇರಲಿಲ್ಲ. ತಂದೆ.

ನಿಮಗೆ ಗೊತ್ತೇ ಇದೆ, ದೊಡ್ಡ 7805ಕ್ಕೂ ಪುಟ್ಟ 78ಎಲ್05ಕ್ಕೂ ಕಾಲುಗಳು ತಿರುಗುಮುರುಗು. ಒಂದರಲ್ಲಿ ವಿದ್ಯುತ್ ಎಡಗಾಲಿನಿಂದ ಒಳಗೆ ಬರುತ್ತದೆ, ಇನ್ನೊಂದರಲ್ಲಿ ಎಡಗಾಲಿನಿಂದ ಹೊರಗೆ ಹೋಗುತ್ತದೆ. ಹಾಗಾಗಿ ಕಾಲುಗಳು ಒಂದಕ್ಕೊಂದು ತಾಗದಂತೆ ಕೊಳವೆ ತೊಡಿಸಿ, ಅಡ್ಡಡ್ಡ ಬಗ್ಗಿಸಿ, ಕಾರ್ಡಿನ ಮೇಲೆ ನಿಲ್ಲಿಸಿದೆ. ಮುರಿದ ಕೊಡೆ ನೆಟ್ಟ ಹಾಗೆ ಕಾಣುತ್ತಿತ್ತು. ಸಿಡಿ ಹಾಕಿ, ಪವರ್ ಒತ್ತಿದೆ. ಐದಾರು ಸೆಕೆಂಡ್ ಏನೂ ಇಲ್ಲ. ಆಮೇಲೆ ರೆಗ್ಯುಲೇಟರಿನಿಂದ ಎರಡು ಇಂಚು ಆಚೆ ಇದ್ದ ಹಳದಿ ಟ್ಯಾಂಟಲಮ್ ಕೆಪಾಸಿಟರ್ (ಚೂರು ವಿದ್ಯುತ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಒಂದು ಕೆಂಪಗಾಗಿ, ಪಟ್ ಅಂದು, ಹೊಗೆ ಬಿಟ್ಟು ಕಪ್ಪಾಯಿತು. ಸಿಡಿ ಓಡುತ್ತಲೇ ಇತ್ತು. ಚಂಡೆ!

ಆಗಿದ್ದು ಇಷ್ಟು. ಆ ಟ್ಯಾಂಟಲಮ್ ಒಳಗೊಳಗೇ ಅರ್ಧ ಶಾರ್ಟ್ ಆಗಿತ್ತು. ಪುಟ್ಟ 78ಎಲ್05 ಕೊಡಬೇಕಾದ್ದು 100 ಮಿಲಿಆಂಪ್. ಹಿಂಡಿದರೆ 140ರ ಹತ್ತಿರ ಕೊಟ್ಟು ಕೈಚೆಲ್ಲುತ್ತದೆ. 2.1 ವೋಲ್ಟ್, 140 ಮಿಲಿಆಂಪ್ ಅಂದರೆ ಸುಮಾರು 15 ಓಮ್. ಪಾಪ, ರೆಗ್ಯುಲೇಟರ್ ಸತ್ತಿರಲಿಲ್ಲ. ಹೊರೆ ಹೊರಲಾರದೆ ಕೂಗುತ್ತಿತ್ತು. ದೊಡ್ಡದು ಬಂದು ಪೂರ್ತಿ 5 ವೋಲ್ಟ್ ತಳ್ಳಿತು. ಆಂಪಿನ ಮೂರನೇ ಒಂದು ಭಾಗ ಹರಿಯಿತು. ಕಾಳಿನಷ್ಟು ದೊಡ್ಡ ಕೆಪಾಸಿಟರ್ ಒಂದೂವರೆ ವಾಟ್‌ಗೂ ಜಾಸ್ತಿ ನುಂಗಿ ಸುಟ್ಟುಹೋಯಿತು, ಶಾರ್ಟ್ ಬಿಟ್ಟುಹೋಯಿತು. ಎಸ್‌ಪಿ ರೋಡಿನ ಸಾಹುಕಾರರು ತಿಳಿದೋ ತಿಳಿಯದೆಯೋ ರೋಗ ಪತ್ತೆ ಮಾಡಿಕೊಟ್ಟರು.

ನೀವು ಹೀಗೆ ಮಾಡಬೇಡಿ. ಟ್ಯಾಂಟಲಮ್ ಬೆಂಕಿಯನ್ನೂ ಹಿಡಿಯುತ್ತದೆ. ನನ್ನ ಬೋರ್ಡಿನ ಮೇಲೆ ಈಗ ಕಡಲೆಗಾತ್ರದ ಮಸಿ ಇದೆ.

ಆ ಜಾಗಕ್ಕೆ 10 ಮೈಕ್ರೋಫ್ಯಾರಡ್, 25 ವೋಲ್ಟಿನ ಸಾದಾ ಎಲೆಕ್ಟ್ರೋಲಿಟಿಕ್ ಹಾಕಿದೆ. ಅದೇ ಬಳಗದ ಇನ್ನೆರಡು ಹಳದಿ ಕಾಳುಗಳನ್ನೂ ಕಿತ್ತೆ. ಅವು ಅಳತೆಗೆ ಸರಿಯಾಗಿಯೇ ಇದ್ದವು, ಆದರೆ ನನಗೆ ನಂಬಿಕೆ ಹೋಗಿತ್ತು. ಹೊಸ 78ಎಲ್05 ಸಿಕ್ಕಿದ್ದು ಎಲ್ಲಿ ಗೊತ್ತಾ? ನನ್ನದೇ ಗುಜರಿ ಡಬ್ಬದಲ್ಲಿದ್ದ ಇನ್ನೊಂದು ಸತ್ತ ಕಾರ್ಡಿನ ಮೇಲೆ. ಈಗ 4.98 ವೋಲ್ಟ್, ಕೈಗೆ ತಣ್ಣಗೆ.

ಆ ಚಂಡೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮುಂದಿನ ಕೆಲಸ ಅದೇ. ಈ ಇಎಸ್ಎಸ್ ಚಿಪ್ಪಿನ ಒಳಗೇ ಎಫ್ಎಂ ಸಿಂಥ್, ಅಂದರೆ ಅಲೆಗಳಿಂದ ವಾದ್ಯದ ಸದ್ದು ಹುಟ್ಟಿಸುವ ಭಾಗ, ಇದೆ. ಯಮಹಾದ ಒಪಿಎಲ್3 ಚಿಪ್ಪಿನ ಹಾಗೆ ನಟಿಸುವುದನ್ನು ಬಿಟ್ಟು ತನ್ನ ಸ್ವಂತ ಮೋಡ್‌ಗೆ ಬಂದರೆ 18 ದನಿ, ಪ್ರತಿ ದನಿಗೆ ನಾಲ್ಕು ಆಪರೇಟರ್ (ಅಲೆ ಹುಟ್ಟಿಸುವ ಘಟಕ). ಒಪಿಎಲ್3ರಲ್ಲಿ ನಾಲ್ಕು ಆಪರೇಟರಿನ ದನಿ ಆರೇ. ಇದರಲ್ಲಿ ಚಂಡೆಯ ಒಂದು ಪೆಟ್ಟು ಹುಟ್ಟಿಸಲು ಆಗುತ್ತದಾ ಅಂತ ನೋಡಬೇಕು. ಕೋಲು ಚರ್ಮಕ್ಕೆ ತಾಗುವ ಆ ಮೊದಲ ಕ್ಷಣದ ಚೂಪು ಬಂದರೆ ಸಾಕು, ಉಳಿದದ್ದು ಸುಲಭ. ಮದ್ದಳೆ ಇನ್ನೂ ಕಷ್ಟ ಅನ್ನಿಸುತ್ತದೆ, ಅದರ ನಾದ ಉಳಿಯುತ್ತದಲ್ಲ. ನಿನ್ನೆ ಒಂದು ಪ್ರಯತ್ನ ಮಾಡಿದೆ. ಸ್ಟೀಲ್ ತಟ್ಟೆ ಕೆಳಗೆ ಬಿದ್ದ ಹಾಗೆ ಕೇಳಿಸಿತು. ಅಮ್ಮ ಅಡುಗೆಮನೆಗೆ ಹೋಗಿ ನೋಡಿ ಬಂದಳು.

ಎಡಗಡೆಯ ಸ್ಪೀಕರ್ ಬಲಗಡೆಗಿಂತ ಚೂರು ಸಣ್ಣಗಿದೆ. ಈ ಸಲ ಮೊದಲು ಓಮ್ ಅಳೆಯುತ್ತೇನೆ.