ಚಳಿ ಗೊತ್ತಾಗಲ್ಲ ಬಿಡಿ ಅಜ್ಜಿ

"ಒಳಗೆ ಹೋದ್ಮೇಲೆ ಚಳಿ ಗೊತ್ತಾಗಲ್ಲ ಬಿಡಿ ಅಜ್ಜಿ." ಮಂಗಳವಾರ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ವಾರ್ಡ್‌ಬಾಯ್ ಹೇಳಿದ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ತೊಡೆಮೂಳೆ ಮುರಿದ ಅಜ್ಜಿ. ಬೆನ್ನ ಹಿಂದೆ ಲಾಡಿ ಕಟ್ಟುವ ಗೌನು, ಮೇಲೊಂದು ಸವೆದ ಬೆಡ್‌ಶೀಟು, ಸ್ಟ್ರೆಚರ್ ನಿಂತಿದ್ದು ಸರಿಯಾಗಿ ಏಸಿ ಗಾಳಿಯ ಕೆಳಗೆ. "ಒಂದು ಕಂಬ್ಳಿ ಇದ್ರೆ ಹೊದಿಸಪ್ಪ" ಅಂದಿದ್ದರು, ಅಷ್ಟೇ. ಹುಡುಗ ಕೆಟ್ಟವನಲ್ಲ, ಸಮಾಧಾನಕ್ಕೆ ಅಂದ. ಅವನು ಹೇಳಿದ್ದು ನಿಜವೂ ಹೌದು, ತೊಂದರೆ ಇರುವುದೇ ಅಲ್ಲಿ.

ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಚುಚ್ಚುವ ಇಂಜೆಕ್ಷನ್, ಕೊಟ್ಟ ಮೇಲೆ ಅಲ್ಲಿನ ರಕ್ತನಾಳಗಳು ಹಿಗ್ಗಿ, ಒಡಲಿನ ಶಾಖ ತಣ್ಣಗಿರುವ ಕಾಲುಗಳಿಗೆ ಇಳಿದುಹೋಗುತ್ತದೆ. ರೋಗಿಗೆ ಬೆಚ್ಚಗೇ ಅನ್ನಿಸಬಹುದು, ಒಳಗಿನ ಉಷ್ಣತೆ ಜಾರುತ್ತಿರುತ್ತದೆ. ಪೂರ್ತಿ ಅರಿವಳಿಕೆಯಲ್ಲಾದರೆ ಮೊದಲ ಗಂಟೆಯಲ್ಲೇ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಹೋಗುತ್ತದೆ. 36ಕ್ಕಿಂತ ಇಳಿದರೆ ರಕ್ತ ಹೆಪ್ಪುಗಟ್ಟುವುದು ನಿಧಾನ, ಗಾಯಕ್ಕೆ ಸೋಂಕಿನ ಭಯ. ದೊಡ್ಡಕರುಳಿನ ಆಪರೇಷನ್ನಾದ 200 ಜನರ ಮೇಲಿನ 1996ರ ಅಧ್ಯಯನದಲ್ಲಿ, ಬೆಚ್ಚಗಿಟ್ಟವರಲ್ಲಿ ಶೇ. 6 ಮಂದಿಗೆ ಗಾಯ ಕೀವಾಗಿತ್ತು, ಉಳಿದವರಲ್ಲಿ ಶೇ. 19.

ಒಮ್ಮೆ ಜಾರಿದ ಶಾಖವನ್ನು ಮೇಲಿಂದ ಹೊದಿಸಿ ಬೇಗ ವಾಪಸ್ ತರಲಾಗದು. ಆದ್ದರಿಂದ ಕೈಕಾಲು ಮೊದಲೇ ಬೆಚ್ಚಗಿರಬೇಕು. ಯಂತ್ರವೊಂದು ಪೈಪಿನಿಂದ ಬಿಸಿಗಾಳಿ ತುಂಬುವ ಹೊದಿಕೆ ಅರ್ಧ ಗಂಟೆ ಹಾಕಿದರೆ ಸಾಕು. ಅಜ್ಜಿ ಹೊರಗೆ ಕಾದಿದ್ದು ನಲವತ್ತು ನಿಮಿಷ! ಯಂತ್ರ ಒಳಗೆ ಮೂಲೆಯಲ್ಲಿತ್ತು, ತಲೆ ಮೇಲೆ ಫೈಲು ಹೊತ್ತುಕೊಂಡು. ಅದರ ಹೊದಿಕೆ ದುಬಾರಿ ಅಂತ ಕೆಲವರು ಬರೀ ಪೈಪನ್ನೇ ಬೆಡ್‌ಶೀಟಿನೊಳಗೆ ತೂರಿಸುತ್ತಾರೆ. ಗಾಳಿ ಒಂದೇ ಕಡೆ ಬಡಿದು ಚರ್ಮ ಸುಡುತ್ತದೆ. ಬಿಸಿ ಸಲೈನ್ ಬಾಟಲಿಯನ್ನು ತೊಡೆ ಪಕ್ಕ ಇಡುವುದೂ ಹಾಗೇ, ಮರಗಟ್ಟಿದ ಕಾಲು ಉರಿ ಅಂತ ಹೇಳುವುದಿಲ್ಲ. ಡ್ರಿಪ್ಪನ್ನು ಮಾತ್ರ ವಾರ್ಮರ್‌ನಲ್ಲಿ 37ಕ್ಕೆ ಕಾಯಿಸಿಯೇ ಏರಿಸಬೇಕು. ಕೋಣೆಯ ತಂಪಿನಲ್ಲಿದ್ದ ಒಂದು ಲೀಟರ್ ಹೋದರೆ ಮೈಯ ಶಾಖ ಸುಮಾರು ಕಾಲು ಡಿಗ್ರಿ ಇಳಿಯುತ್ತದೆ.

ಏಸಿ ಜಗಳ ಬೇರೆ. ಸೀಸದ ಏಪ್ರನ್ ತೊಟ್ಟ ಮೂಳೆ ಡಾಕ್ಟರಿಗೆ ಬೆವರು ನಿಜ, ಒಪ್ಪೋಣ. ಆದರೆ ರೋಗಿ ಬರಿಮೈಯಲ್ಲಿರುವವರೆಗೆ ಕೋಣೆಯನ್ನು 21 ಡಿಗ್ರಿಗಿಂತ ಇಳಿಸಬಾರದು. ಬಟ್ಟೆ ಹೊದಿಸಿ, ಬಿಸಿಗಾಳಿ ಶುರುವಾದ ಮೇಲೆ ಬೇಕಾದರೆ ಇಳಿಸಲಿ.

ಇನ್ನು ಹೆದರಿಕೆ. ಅಜ್ಜಿಯ ಕನ್ನಡಕ, ಹಲ್ಲಿನ ಸೆಟ್ಟು ವಾರ್ಡಿನಲ್ಲೇ ತೆಗೆಸಿದ್ದರು. ಹಲ್ಲಿನ ಸೆಟ್ಟು ಸರಿ, ಕನ್ನಡಕವನ್ನು ಟೇಬಲ್ ತನಕ ಬಿಡಬಹುದಿತ್ತು. ಮುಖಗಳೇ ಕಾಣದ ಮೇಲೆ ಯಾರ ಮಾತು ನಂಬಬೇಕು? ವಯಸ್ಸಾದವರಿಗೆ ಹೆದರಿಕೆ ತಗ್ಗಿಸಿ ಮಂಪರು ತರುವ ಮಿಡಜೋಲಾಮ್ ಕೊಟ್ಟರೆ ಆಮೇಲೆ ದಿಕ್ಕು ತಪ್ಪಿದಂತೆ ಮಾತಾಡುವ ಅಪಾಯವಿದೆ. ಅದಕ್ಕಿಂತ "ಬೆನ್ನಿಗೆ ಈಗ ತಣ್ಣಗೆ ಔಷಧಿ ಒರೆಸ್ತೀನಿ ಅಜ್ಜಿ" ಅಂತ ಒಂದು ಕ್ಷಣ ಮೊದಲು ಹೇಳುವುದು ಒಳ್ಳೆಯದು. ನಮ್ಮ ಸಿಸ್ಟರೊಬ್ಬರು ಹಾಗೆ ಹೇಳುತ್ತ ಭುಜ ಹಿಡಿದು ನಿಲ್ಲುತ್ತಾರೆ. ಅವತ್ತು ಅವರದು ರಜೆ.

ಆಪರೇಷನ್ ಮುಗಿದು ರಿಕವರಿ ಕೋಣೆಗೆ ಬಂದಾಗ ಅಜ್ಜಿಯ ಮೈ 35.2 ಡಿಗ್ರಿ. ಹಲ್ಲಿಲ್ಲದ ದವಡೆ ಸದ್ದಿಲ್ಲದೆ ಅದುರುತ್ತಿತ್ತು, ನಾಡಿ, ಆಮ್ಲಜನಕ ನೋಡುವ ಬೆರಳಿನ ಕ್ಲಿಪ್ಪಿನ ಗೆರೆ ಮಾನಿಟರಿನಲ್ಲಿ ಚೆಲ್ಲಾಪಿಲ್ಲಿ. ಫೈಲುಗಳನ್ನು ಇಳಿಸಿ ಯಂತ್ರ ತಂದಿದ್ದು ಅದೇ ಹುಡುಗ.