ಟೀಚರ್ ಜೊತೆ ಮನೆಮನೆಗೆ

ಜುಲೈನ ಒಂದು ಸಂಜೆ ಟೀಚರ್ ಅರ್ಜಿ ಹಿಡಿದುಕೊಂಡು ಮನೆಗೆ ಬಂದರು. ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಹಾಸನದಿಂದ ಬಂದ ಹೊಸದರಲ್ಲಿ ನನ್ನ ಮಗನಿಗೆ ಇಂಗ್ಲಿಷ್ ಕಲಿಸಿದವರು ಇವರೇ. ಈಗ ನಿವೃತ್ತರು. ಊರಿನ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲುತ್ತಿದ್ದರು. ಅರ್ಜಿಗೆ ಮತದಾರರ ಸಹಿ ಬೇಕು. ಪೆನ್ನು ಕೈಗೆ ತೆಗೆದುಕೊಂಡ ಮೇಲೆ ನೆನಪಾಯಿತು, ನನ್ನದು ಇನ್ನೂ ಗ್ರೀನ್ ಕಾರ್ಡ್, ಪೌರತ್ವವಲ್ಲ. ಇಲ್ಲಿ ನನಗೆ ಓಟಿಲ್ಲ, ಸಹಿಯೂ ಹಾಕುವಂತಿಲ್ಲ. ತುಂಬಾ ಬೇಜಾರಾಯಿತು.

"ಇರಲಿ ಬಿಡು, ಅಕ್ಟೋಬರ್‌ನಲ್ಲಿ ನನ್ನ ಜೊತೆ ಮನೆಮನೆಗೆ ಬರ್ತೀಯಾ?" ಅಂದರು.

ನಮ್ಮ ಬೋರ್ಡಿನಲ್ಲಿ 9 ಜನ. ಅವಧಿ 3 ವರ್ಷ. ಪ್ರತಿ ನವೆಂಬರ್‌ನಲ್ಲಿ 3 ಸ್ಥಾನಕ್ಕೆ ಚುನಾವಣೆ. ಸಂಬಳ ಒಂದು ಪೈಸೆಯೂ ಇಲ್ಲ. ಆದರೆ ಬಜೆಟ್ಟು, ಶಿಕ್ಷಕರ ನೇಮಕ, ಎಲ್ಲಕ್ಕೂ ಇವರ ಒಪ್ಪಿಗೆಯೇ ಬೇಕು. ಟೀಚರ್ ನಿಂತಿದ್ದು ಒಂದೇ ಕಾರಣಕ್ಕೆ. ಇಂಗ್ಲಿಷ್ ಬಾರದ ಮಕ್ಕಳಿಗೆ ಪಾಠ ಹೇಳುವ ಒಬ್ಬರನ್ನೇ ಎರಡು ಶಾಲೆಗೆ ಹಂಚಿದ್ದರು. ಅವರು ಆ ಶಾಲೆಗೆ ಹೋದ ದಿನ ಈ ಮಕ್ಕಳು ಸುಮ್ನೆ ಕೂತಿರುತ್ತಿದ್ದರು. ನನ್ನ ಮಗ ಮೊದಲ ತಿಂಗಳು ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲೂ ಬಾರದೆ ಅತ್ತಿದ್ದ. ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತವರು ಟೀಚರ್. ಅದನ್ನು ನಾನು ಹೇಗೆ ಮರೆಯಲಿ?

ಅಕ್ಟೋಬರ್‌ನ ಶನಿವಾರ. ಚಳಿಗಾಳಿ, ರಸ್ತೆ ತುಂಬ ಉದುರಿದ ಎಲೆ. ಮೊದಲ ಮನೆಯಲ್ಲೇ ನಾನು ಕರಪತ್ರವನ್ನು ಮೇಲ್‌ಬಾಕ್ಸಿಗೆ ಹಾಕಲು ಹೋದೆ. ಟೀಚರ್ ಕೈ ಹಿಡಿದರು. ಸ್ಟಾಂಪ್ ಇಲ್ಲದ್ದನ್ನು ಅದರಲ್ಲಿ ಹಾಕುವುದು ಕಾನೂನಿಗೆ ವಿರುದ್ಧವಂತೆ. ಬಾಗಿಲಿಗೇ ಸಿಕ್ಕಿಸಿದೆವು. ಮಧ್ಯಾಹ್ನದ ಹೊತ್ತಿಗೆ 40 ಮನೆ ಮುಗಿದಿತ್ತು. ಅರ್ಧಕ್ಕರ್ಧ ಬಾಗಿಲು ತೆರೆಯಲೇ ಇಲ್ಲ. ತೆರೆದವರಲ್ಲಿ ಜಾಸ್ತಿ ಜನ ಕೇಳಿದ್ದು, ಯಾವ ಪಕ್ಷ? ಈ ಚುನಾವಣೆಗೆ ಪಕ್ಷವೇ ಇಲ್ಲ. ಅದನ್ನು ಟೀಚರ್ ಪ್ರತಿ ಮನೆಯಲ್ಲೂ ಹೊಸದಾಗಿ, ತಾಳ್ಮೆಯಿಂದ ಹೇಳಿದರು.

ಒಂದು ಮನೆಯ ಬಾಗಿಲಲ್ಲಿ ರಂಗೋಲಿ ಇತ್ತು. ಮೈಸೂರು ಕಡೆಯ ಅಂಕಲ್, ಇಲ್ಲಿಗೆ ಬಂದು ಬಹಳ ವರ್ಷವಾಗಿದೆ.

"ನಮ್ಮ ಮಕ್ಕಳೆಲ್ಲ ಓದಿ ಮುಗಿಸಿದ್ರಮ್ಮ. ಸ್ಕೂಲಿನ ಓಟು ನಮಗ್ಯಾಕೆ?" ಅಂದರು.

ಮಕ್ಕಳಿಲ್ಲದವರಿಗೂ ಓಟಿದೆ, ಅಲ್ವಾ? ಈ ಊರಿನ ಮನೆ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಶಾಲೆಗೇ. ಅದನ್ನು ಹೇಳಿದೆ. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದಾಗ, 2001ರಲ್ಲಿ ಪೋಷಕರ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂದದ್ದನ್ನೂ ಹೇಳಿದೆ. ಹೊಲದಿಂದ ಹಾಗೇ ಬಂದು ಕೂರುತ್ತಿದ್ದ ತಾಯಂದಿರು ಬಿಸಿಯೂಟದ ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ ಪ್ರಶ್ನೆ ಕೇಳುತ್ತಿದ್ದರು. ಅಪ್ಪ ಅದನ್ನು ಖುಷಿಯಿಂದ ಮನೆಯಲ್ಲಿ ಹೇಳುತ್ತಿದ್ದರು.

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಯಾರಿಗೆ ಹಾಕ್ತೀಯಮ್ಮ?" ಅಂದರು.

"ನನಗೆ ಓಟಿಲ್ಲ ಅಂಕಲ್."

ಅವರು ಟೀಚರ್ ಕೈಯಿಂದ ಎರಡು ಕರಪತ್ರ ತೆಗೆದುಕೊಂಡರು. ಒಂದು ಆಂಟಿಗೆ.

ನವೆಂಬರ್‌ನಲ್ಲಿ ಟೀಚರ್ ನಾಲ್ಕನೆಯವರಾದರು. ಗೆಲ್ಲುವುದು ಮೂವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರೇ ಫೋನ್ ಮಾಡಿ, ಮುಂದಿನ ಬೋರ್ಡ್ ಸಭೆಗೆ ಬಾ ಅಂದರು. ಸಭೆಯಲ್ಲಿ ಜನರ ಮಾತಿಗೆ ಸಮಯ ಕೊಡಲೇಬೇಕು, ಅದು ಕಾನೂನು. ಅಲ್ಲಿ ಮಾತಾಡಲು ಓಟು ಬೇಕಿಲ್ಲ.

ಹೋದೆ. ಮೂರು ನಿಮಿಷ ಅಂದರು. ಕಾಲು ನಡುಗುತ್ತಿತ್ತು. ಟೀಚರ್ ಎರಡನೇ ಸಾಲಿನಲ್ಲಿ ಕೂತಿದ್ದರು. ಮೈಕ್ ಮುಂದೆ ನನ್ನ ಹೆಸರು ಹೇಳಿದೆ, ಬೀದಿಯ ಹೆಸರು ಹೇಳಿದೆ. ಆಮೇಲೆ ನನ್ನ ಮಗನ ಆ ಮೊದಲ ತಿಂಗಳಿನಿಂದ ಶುರು ಮಾಡಿದೆ.